ಆಚಿ ಊರಿನ ಕೊಕ್ಕರೆ

ತಾಂಡೂರು
20 ನವೆಂಬರ್ 1936

ತಾರಕ್ಕನಿಗೆ ತಮ್ಮ ಮಾಣಿಕಪ್ಪನ ಶರಣು.

ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀ. ಕಾರಣ ಕೇಳಿದರೆ ನಗುತ್ತೀ, ಓದು.

ಹೋದ ತಿಂಗಳು ಸ್ಟೇಷನ್ ರಸ್ತೆಯ ನನ್ನ ಅಂಗಡಿಗೆ ಒಬ್ಬ ಜಾಗೀರದಾರ ಸಾಹೇಬರು ಬಂದಿದ್ದರು. ಗಾಜಿನ ಮೇಲೆ ಬರೆದಿಟ್ಟ ಶಿವ, ಪಾರ್ವತಿ, ನಂದಿ ಎಲ್ಲರನ್ನೂ ದಾಟಿಕೊಂಡು ಹೋಗಿ ಮೂಲೆಯಲ್ಲಿದ್ದ ಗೇಣುದ್ದದ ಗಾಜಿನ ಮುಂದೆ ನಿಂತರು. ಅದರಲ್ಲಿದ್ದದ್ದು ನಮ್ಮ ಕೆರೆಯ ಬಣ್ಣದ ಕೊಕ್ಕರೆ. ನೆನಪಿನಿಂದ ಬರೆದದ್ದು. ‘ಇದನ್ನೇ ಎರಡು ಮೊಳದ ಗಾಜಿಗೆ ಬರಿ. ಗೂಡು, ಮರ, ಕೆರೆ ಎಲ್ಲ ಇರಬೇಕು’ ಎಂದರು. ಅವರ ದಿವಾನಖಾನೆಯಲ್ಲಿ ತೂಗುಹಾಕುತ್ತಾರಂತೆ!

‘ಹೊಟ್ಟೆಗೆ ಹಾಕುವ ದೇವರನ್ನು ಬಿಟ್ಟು ಹಕ್ಕಿಗಿಕ್ಕಿ ಯಾಕೆ ಬರೀತೀಯೋ’ ಎಂದು ನೀನು ಬೈದಿದ್ದೆ. ಅಕ್ಕಾ, ನಾನು ಇಲ್ಲಿಗೆ ಬಂದಾಗ ಸ್ಟೇಷನ್ ಹಿಂದಿನ ಕುಂಟೆಯಲ್ಲಿ ಬಾತುಕೋಳಿ ಇಳಿಯುತ್ತಿದ್ದವು. ಈಗ ಅದರ ತುಂಬ ಕಲ್ಲುಗಣಿಯ ಪುಡಿ. ಒಂದು ಹಕ್ಕಿಯೂ ಇಲ್ಲ, ಇತ್ತೆಂದು ಹೇಳುವವರೂ ಇಲ್ಲ. ದೇವರನ್ನು ಬರೆಯಲು ನೂರು ಜನ ಇದ್ದಾರೆ. ಇವುಗಳನ್ನು ಯಾರಾದರೂ ಚಂದವಾಗಿ ಬರೆದು ತೋರಿಸಿದರೆ ನೋಡಿದವರಿಗೆ ಕೊಲ್ಲುವ ಮನಸ್ಸು ಬರುವುದಿಲ್ಲ ಎಂದು ನನ್ನ ನಂಬಿಕೆ. ನಗಬೇಡ.

ನನಗೆ ಮೂರು ಬೇಕು. ಕೊಕ್ಕರೆಯ ಗುಲಾಬಿ ಗರಿ ಒಂದು. ಕೆರೆಯ ಏರಿಯ ಮೇಲೆ ನಿಂತರೆ ಗುಡ್ಡದ ಆ ಎರಡು ಬಂಡೆ, ಜೋಡಿಗುಂಡು, ಯಾವ ಕೈಗೆ, ಗುಡಿ ಯಾವ ಕೈಗೆ ಎಂಬುದು ಎರಡು. ಗುಡಿಯ ಕಳಸ ಎತ್ತ ವಾಲಿದೆ ಎಂಬುದು ಮೂರು. ಹದಿನಾಲ್ಕು ವರ್ಷಕ್ಕೆ ಊರು ಬಿಟ್ಟವನು, ಬರೆಯಲು ಕೂತರೆ ಎಡಬಲ ಕಲಸಿಹೋಗುತ್ತದೆ.

ಮಾಣಿಕ


ಊರಿಂದ
ಧಾತು ಸಂವತ್ಸರ, ಮಾರ್ಗಶಿರ ಶುದ್ಧ ದಶಮಿ

ಚಿರಂಜೀವಿ ಮಾಣಿಕನಿಗೆ ಅಕ್ಕನ ಆಶೀರ್ವಾದ.

ನಿನಗೆ ಅಕ್ಕ ನೆನಪಾಗಬೇಕಾದರೂ ಹಕ್ಕಿಯ ಗರಿ ಬೇಕಾಯಿತು ನೋಡು. ಮಠದಲ್ಲಿ ನಿನ್ನ ಪಕ್ಕ ಕೂತು ನಾನೂ ಅಕ್ಷರ ಕಲಿತದ್ದು ಇಂಥ ಚಾಕರಿಗೇ ಇರಬೇಕು.

ಗರಿ ಇದರಲ್ಲಿದೆ. ಕೊಟ್ಟವನು ನೀರಡಿ ಅಂಜಪ್ಪ. ಕೆರೆಯ ತೂಬು ಎತ್ತಿ ಹೊಲಹೊಲಕ್ಕೆ ನೀರು ಬಿಡುವ ಕೆಲಸ ಈಗಲೂ ಅವನದೇ, ಏರಿಯ ಕೆಳಗಿನ ಅದೇ ಮನೆ. ಹೋದ ವರ್ಷ ಗೂಡಿನಿಂದ ಬಿದ್ದ ನಾಲ್ಕು ಮರಿಗಳನ್ನು ಅವನ ಹೆಂಡತಿ ಬಾಲಮಣಿ ಬುಟ್ಟಿಯಲ್ಲಿಟ್ಟು ಮೀನು ತಿನ್ನಿಸಿ ಸಾಕಿದಳು. ಮೂರು ಹಾರಿಹೋದವು. ನಿನಗೆ ಬೇಕಂತೆ ಎಂದೊಡನೆ ರುಮಾಲಿನಲ್ಲಿ ಸಿಕ್ಕಿಸಿಕೊಂಡಿದ್ದ ಗರಿ ತೆಗೆದು ಕೊಟ್ಟ. ‘ಸಣ್ಣ ಧಣೇರು ನಮ್ಮ ಕೊಕ್ಕರಿ ಬರೀತಾರಂದ್ರ ಇನ್ನೇನ್ ಬೇಕ್ರಿ ಅಕ್ಕೋರ’ ಅಂದ.

ಏರಿಯ ಮೇಲೆ ಕೆರೆಗೆ ಮುಖ ಮಾಡಿ ನಿಂತರೆ ಗುಡ್ಡದ ಮೇಲಿನ ಜೋಡಿಗುಂಡು ಎಡಕ್ಕೆ. ಗುಡಿ ಬಲಕ್ಕೆ, ಏಳು ಹುಣಸೆಮರ ದಾಟಿ. ಕಳಸ ಕೆರೆಯ ಕಡೆಗೆ ವಾಲಿದೆ.

ಮರಿ ಹಾರುವ ತನಕ ಹುಣಸೆಹಣ್ಣು ಬಡಿಯುವುದಿಲ್ಲ ಎಂಬ ಕಟ್ಟಳೆ ಈಗಲೂ ನಡೆದಿದೆ. ಇನ್ನೊಂದು ಕಟ್ಟಳೆ ನಿನಗೆ ನೆನಪಿದೆಯಲ್ಲ? ಹೊರಗಿನವರು ಯಾರೇ ಕೊಕ್ಕರೆ ಎಲ್ಲಿ ಎಂದು ಕೇಳಿದರೂ ನಮ್ಮೂರಲ್ಲಿ ಮೂರು ವರ್ಷದ ಕೂಸೂ ಹೇಳುವುದು ಒಂದೇ ಮಾತು: ‘ನಮ್ಮ ಊರಾಗ ಎಲ್ಲಿ ಬರ್ತಾವ್ರಿ? ಆಚಿ ಊರಾಗ ಕೇಳ್ರಿ.’ ಆಚಿ ಊರಿಗೆ ಹೋದರೆ ಅವರು ಅದರ ಆಚಿ ಊರು ತೋರಿಸುತ್ತಾರೆ. ನಾನು ಕಾಗದದ ಮೇಲೆ ಊರ ಹೆಸರು ಬರೆಯದಿರುವುದೂ ಅದಕ್ಕೇ. ಸಾಹೇಬರು ಹೊದಿಸುವ ಶಾಲಿಗೆ ಮರುಳಾಗಿ ಬಾಯಿ ಸಡಿಲ ಬಿಡಬೇಡ.

ತಾರಾಬಾಯಿ


ತಾಂಡೂರು
27 ಫೆಬ್ರವರಿ 1937

ಅಕ್ಕಾ,

ಮುಗಿಯಿತು! ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ. ನಿನ್ನ ಗರಿ ಮುಂದಿಟ್ಟುಕೊಂಡು ಆ ಗುಲಾಬಿಗೆ ಹನ್ನೊಂದು ಸಲ ಬಣ್ಣ ಕಲಸಿದೆ. ಕಡೆಗೆ ಬಣ್ಣದ ಹಿಂದೆ ಬೆಳ್ಳಿಯ ಬೇಗಡೆ ಅಂಟಿಸಿದ ಮೇಲೆ ಗರಿ ಉಸಿರಾಡಿತು.

ನಮ್ಮ ಕೆಲಸ ಹೇಗೆಂದು ನಿನಗೆ ಹೇಳಿಯೇ ಇಲ್ಲ. ನಾವು ಗಾಜಿನ ಬೆನ್ನಿನ ಮೇಲೆ ಬರೆಯುತ್ತೇವೆ, ನೋಡುವವರು ಮುಂದಿನಿಂದ ನೋಡುತ್ತಾರೆ. ಹಾಗಾಗಿ ಎಲ್ಲರೂ ಕಡೆಗೆ ಇಡುವ ಕಣ್ಣಿನ ಚುಕ್ಕೆಯನ್ನು ನಾವು ಮೊದಲು ಇಡಬೇಕು. ಆಕಾಶ ಕಟ್ಟಕಡೆಗೆ. ತಪ್ಪಾದರೆ ಅಳಿಸಲು ಬರುವುದಿಲ್ಲ, ಅದರ ಮೇಲೆ ಎಲ್ಲ ಕೂತುಬಿಟ್ಟಿರುತ್ತದೆ. ಎಡಬಲವೂ ಅದಲುಬದಲು. ಸೋಮಾರಿ ಚಿತ್ರಗಾರರು ಅದರ ಗೊಡವೆಗೆ ಹೋಗುವುದಿಲ್ಲ, ಅದಕ್ಕೇ ಅವರ ದೇವರೆಲ್ಲ ಎಡಗೈಯಲ್ಲಿ ಆಶೀರ್ವಾದ ಮಾಡುತ್ತಾರೆ. ನಾನು ಹಾಗಲ್ಲ. ಕಾಗದದ ಚಿತ್ರಕ್ಕೆ ಎಣ್ಣೆ ಹಚ್ಚಿ ಮಗುಚಿಟ್ಟು ಬರೆದೆ. ಜೋಡಿಗುಂಡು ಎಡಕ್ಕೇ ಬಂತು, ಗುಡಿ ಬಲಕ್ಕೇ ಬಂತು, ಕಳಸವೂ ಕೆರೆಯತ್ತ ವಾಲಿತು. ಊರನ್ನು ಎತ್ತಿ ತಂದು ಗೋಡೆಗೆ ತೂಗುಹಾಕಿದ ಹಾಗಿದೆ.

ತೂಗುಹಾಕಿದ ದಿನ ಸಾಹೇಬರು ನನ್ನನ್ನೂ ಕರೆಸಿದ್ದರು. ಅತಿಥಿಗಳು ಅರ್ಧ ತಾಸು ಅದರ ಮುಂದೆಯೇ ನಿಂತರು. ನಾರಾಯಣಖೇಡದ ಕಡೆಗೆಲ್ಲ ರಸ್ತೆ ಕೆಲಸ ಹಿಡಿದು ತಿರುಗುವ ಒಬ್ಬ ಗುತ್ತೇದಾರರು ಜೋಡಿಗುಂಡಿನ ಮೇಲೆ ಬೆರಳಿಟ್ಟು ಯಾವ ಊರೆಂದು ಕೇಳಿದರು. ನಾನು ಬಿಟ್ಟೆನೇ? ‘ಆಚಿ ಊರು ಸಾಹೇಬ್’ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನ ತಮ್ಮನ ಬಾಯಿ ಸಡಿಲವಲ್ಲ, ತಿಳಿಯಿತೇ?

ಶಾಲು ಸಿಕ್ಕಿದೆ. ಯುಗಾದಿಗೆ ಬರುವಾಗ ನಿನಗೇ ತರುತ್ತೇನೆ.

ಮಾಣಿಕ


ಊರಿಂದ
ಫಾಲ್ಗುಣ ಬಹುಳ ಪಂಚಮಿ

ಮಾಣಿಕಾ,

ಯುಗಾದಿಗೆ ಬರಬೇಡ. ಹಬ್ಬ ಮಾಡುವ ಮುಖ ಊರಲ್ಲಿ ಯಾರಿಗೂ ಇಲ್ಲ.

ಹುಣ್ಣಿಮೆಯ ಮಾರನೆಯ ದಿನ ಮೂರು ಮೋಟಾರಿನಲ್ಲಿ ಶಿಕಾರಿಯವರು ಬಂದರು. ಹಾದಿಯಲ್ಲಿನ ಕಲ್ಹೇರದಲ್ಲೂ ನಿಲ್ಲಿಸಲಿಲ್ಲ, ಯಾರನ್ನೂ ಹಾದಿ ಕೇಳಲಿಲ್ಲ. ಜೋಡಿಗುಂಡನ್ನು ಎಡಕ್ಕೆ ಇಟ್ಟುಕೊಂಡು ನೆಟ್ಟಗೆ ಏರಿಯ ಕೆಳಗೆ ಬಂದು ನಿಂತರು. ಅಂಜಪ್ಪನನ್ನು ಮನೆಯಿಂದ ಎಳೆದು, ಹೊರೆ ಹೊರಿಸಿ, ಬಂದೂಕಿನವರ ಮುಂದೆ ನಡೆಸಿದರು. ವೆಟ್ಟಿಗೆ, ಬಿಟ್ಟಿ ಚಾಕರಿಗೆ, ಹಿಡಿದರೆ ಒಲ್ಲೆ ಎನ್ನುವ ಹಾಗಿದೆಯೇ?

ಎರಡು ದಿನ ಕೊಕ್ಕರೆ ಹೊಡೆದರು. ತಿನ್ನಲಿಕ್ಕೂ ಅಲ್ಲ, ಶೋಕಿಗೆ. ಗೂಡಿನಲ್ಲಿ ಮರಿಗಳಿದ್ದುದರಿಂದ ತಾಯಿಗಳು ಎದ್ದು ಹೋಗಲಿಲ್ಲ, ಸುತ್ತಿ ಸುತ್ತಿ ಅಲ್ಲೇ ಬಂದು ಬಿದ್ದವು. ಆಮೇಲೆ ಮರಿಗಳು ಹಸಿದು ಒಂದೊಂದಾಗಿ ಮರದಿಂದ ಉದುರಿದವು. ಬಾಲಮಣಿಯ ಒಂದು ಬುಟ್ಟಿ ಯಾವ ಮೂಲೆಗೆ? ನಾವು ಹೆಂಗಸರು ಮೊರ ಹಿಡಿದುಕೊಂಡು ಹೋಗಿ ಆಯ್ದೆವು. ಹಕ್ಕಿಗಳ ಹೇಲು ಬಿದ್ದ ಮಣ್ಣಿನ ವಾಸನೆಯಲ್ಲೂ ಯಾರೂ ಮೂಗು ಮುಚ್ಚಲಿಲ್ಲ.

ಈಗ ಊರು ಅಂಜಪ್ಪನ ಮೇಲೆ ತಿರುಗಿದೆ. ‘ಹೇಳದೆ ಮೋಟಾರಿಗಿ ಹಾದಿ ಹ್ಯಾಂಗ ಸಿಕ್ತು? ಮುಂದ ನಡದು ತೋರ್ಸ್ದಾಂವ ಯಾರು?’ ಎನ್ನುತ್ತಾರೆ ನಮ್ಮ ಮಾವನವರು. ಪಟೇಲರ ಬಾಯಿಂದ ಬಂದ ಮೇಲೆ ಕೇಳಬೇಕೇ, ಎಲ್ಲರೂ ಹೌದೆನ್ನುತ್ತಾರೆ. ಅಂಜಪ್ಪ ಒಂದೇ ಮಾತು ಹೇಳುತ್ತಾನೆ: ‘ನಾ ಬಾಯಿ ಬಿಟ್ಟಿಲ್ಲರಿ ಪಟೇಲ್ರ. ನಡಿ ಅಂದ್ರು, ನಡದೀನಿ.’

ನೀನು ನಾಲ್ಕು ಜನರ ನಡುವೆ ಇರುವವನು. ಏನಾದರೂ ಕಿವಿಗೆ ಬಿದ್ದರೆ ಬರೆ.

ಅಕ್ಕ


ತಾಂಡೂರು
14 ಏಪ್ರಿಲ್ 1937

ಅಕ್ಕನಿಗೆ ಶರಣು.

ಓದಿ ಬಹಳ ಕೆಟ್ಟದೆನಿಸಿತು. ಇಲ್ಲಿ ಕೆಲಸ ಬಹಳ, ಅದಕ್ಕೇ ತಡವಾಯಿತು.

ನನ್ನ ಕಿವಿಗೆ ಏನೂ ಬಿದ್ದಿಲ್ಲ. ಊರೆಂದ ಮೇಲೆ ಬಾಯಿ ಸಡಿಲ ಇರುವವರು ಯಾರಾದರೂ ಇದ್ದೇ ಇರುತ್ತಾರೆ. ಆಗಿದ್ದು ಆಗಿಹೋಯಿತು, ಯಾರೆಂದು ಕೆದಕುವುದರಿಂದ ಸತ್ತ ಹಕ್ಕಿ ಎದ್ದು ಬರುವುದಿಲ್ಲ. ಮಾವನವರಿಗೆ ಸಮಾಧಾನ ಹೇಳು. ನಿನ್ನ ಮಗಳು ಅಮೃತಬಾಯಿಗೆ ಕೊಡಂಗಲ್ಲಿನ ಮನೆತನದವರು ಬಂದು ನೋಡಿ ಹೋದರೇ?

ಮಾಣಿಕಪ್ಪ


ಊರಿಂದ
ಈಶ್ವರ ಸಂವತ್ಸರ, ವೈಶಾಖ ಶುದ್ಧ ಬಿದಿಗೆ

ಮಾಣಿಕನಿಗೆ ಆಶೀರ್ವಾದ.

ನಿನ್ನ ಕಾಗದ ಬಂದಾಗ ಮಾವನವರು ಕಟ್ಟೆಯ ಮೇಲಿದ್ದರು, ಪಂಚರೂ ಇದ್ದರು. ಓದಿ ಹೇಳು ಎಂದರು, ಓದಿದೆ. ‘ಬಾಯಿ ಸಡಿಲ ಇರುವವರು’ ಎಂಬಲ್ಲಿಗೆ ಬಂದಾಗ ಮಾವನವರು ತೊಡೆ ತಟ್ಟಿದರು. ‘ನೋಡ್ರಿ, ತಾಂಡೂರದಾಗ ಕುಂತ ಮಾಣಿಕಗೂ ತಿಳಿದದ, ನಮಗ ತಿಳಿದಿಲ್ಲ’ ಎಂದರು. ಅಂದೇ ತೀರ್ಮಾನವಾಯಿತು. ಅಂಜಪ್ಪನಿಂದ ನೀರಡಿತನ ತೆಗೆದರು. ತೂಬಿನ ಕೋಲು ಕಸಿದುಕೊಂಡರು. ಏರಿಯ ಕೆಳಗಿನ ಅವನ ಮನೆಯ ಗೋಡೆ ಕೆಡವಿದರು. ಅವನ ಅಜ್ಜನ ಕಾಲದಿಂದ ಅವರು ಕಾದ ಕೆರೆ.

ನನಗೆ ಮನಸ್ಸು ಒಪ್ಪಲಿಲ್ಲ. ಆದರೆ ಸೊಸೆಯ ಮನಸ್ಸನ್ನು ಯಾರು ಕೇಳುತ್ತಾರೆ?

ಗಂಡಹೆಂಡತಿ ಜಹೀರಾಬಾದಿಗೆ ನಡೆದುಹೋಗಿ, ಅಲ್ಲಿಂದ ರೈಲಿನಲ್ಲಿ ನಿಮ್ಮ ತಾಂಡೂರಿನ ಕಲ್ಲುಗಣಿಗೆ ಕೆಲಸ ಹುಡುಕಿಕೊಂಡು ಬರುತ್ತಿದ್ದಾರೆ. ನಿನ್ನ ಅಂಗಡಿಯ ಗುರುತು ಹೇಳಿ ಕಳಿಸಿದ್ದೇನೆ. ‘ನನ್ನ ತಮ್ಮ ಇದ್ದಾನೆ, ಕೈ ಬಿಡುವುದಿಲ್ಲ’ ಎಂದಿದ್ದೇನೆ. ನನ್ನ ಮಾತು ಉಳಿಸು.

ಅಕ್ಕ


ತಾಂಡೂರು
25 ಜುಲೈ 1937

ಅಕ್ಕಾ,

ಇದನ್ನು ಮೊದಲು ಒಬ್ಬಳೇ ಓದು.

ಹೇಳಿದವನು ಅಂಜಪ್ಪನಲ್ಲ. ನಾನು.

ಬಾಯಿಂದ ಹೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಾಜಿನಿಂದ ಹೇಳಿದೆ. ಆ ಗುತ್ತೇದಾರ ನಾರಾಯಣಖೇಡದಿಂದ ಕಲ್ಹೇರಕ್ಕೆ ಹೋಗುವಾಗ ಜೋಡಿಗುಂಡನ್ನು ಕಂಡಿದ್ದ. ಗುಂಡು ಎಡಕ್ಕಿರುವಾಗ ಕೆರೆ ಯಾವ ಮಗ್ಗುಲಿಗೆ ಎಂಬುದನ್ನು ನನ್ನ ಗಾಜು ಹೇಳಿತು. ನಾನು ಸೋಮಾರಿಯಾಗಿದ್ದರೆ, ಎಲ್ಲರ ಹಾಗೆ ಎಡಬಲ ಬದಲಾಗಲು ಬಿಟ್ಟಿದ್ದರೆ, ಅವರು ಗುಡ್ಡದ ಆ ಮಗ್ಗುಲಿನ ಬೀಳಿನಲ್ಲಿ ಕೆರೆ ಹುಡುಕಿ ವಾಪಸು ಹೋಗುತ್ತಿದ್ದರು. ನನ್ನ ಕೈಯ ಒಳ್ಳೆಯತನವೇ ಕೊಂದಿತು. ಅದಲ್ಲ, ಕೈಯಲ್ಲ. ಶಾಲಿನ ಆಸೆ, ಹೊಗಳಿಕೆಯ ಆಸೆ. ಕೊಕ್ಕರೆಯನ್ನು ಬರೆಯಲು ಊರಿನ ಗುರುತು ಬೇಕಿರಲಿಲ್ಲ. ಊರನ್ನು ಬರೆದದ್ದು ನನ್ನನ್ನು ತೋರಿಸಿಕೊಳ್ಳಲು.

ಇದಕ್ಕಿಂತ ಹೊಲಸು ಇನ್ನೊಂದಿದೆ. ನಿನಗೆ ಏಪ್ರಿಲ್ ಕಾಗದ ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ಅದಕ್ಕೂ ವಾರ ಮುಂಚೆ ಸಾಹೇಬರು ಗರಿಗಳ ಒಂದು ಕಟ್ಟು ಕಳಿಸಿ, ‘ನಕಾಶೆಗಿಂತ ನಿನ್ನ ಗಾಜು ಪಕ್ಕಾ ಮಾಣಿಕ್’ ಎಂದು ಹೇಳಿಕಳಿಸಿದ್ದರು. ಆ ಕಟ್ಟು ಮೇಜಿನ ಕೆಳಗಿತ್ತು. ಮೇಜಿನ ಮೇಲೆ ನಾನು ‘ಬಾಯಿ ಸಡಿಲ ಇರುವವರು’ ಎಂದು ಬರೆದೆ.

ಅಂಜಪ್ಪ ಬಂದ. ಹಗಲು ಗಣಿಯ ಕೆಲಸ, ಸಂಜೆ ಬಂದು ಬೇಡವೆಂದರೂ ಗಾಜು ಒರೆಸಿಕೊಡುತ್ತಿದ್ದ. ‘ಅಕ್ಕೋರು ಕೈ ಬಿಡಲ್ಲ ಅಂದಾರ, ನೀವೂ ಬಿಟ್ಟಿಲ್ಲ’ ಎನ್ನುತ್ತಿದ್ದ. ಅವನು ಹಾಗೆ ಎಂದಾಗಲೆಲ್ಲ ನನಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಆದರೂ ಎರಡು ತಿಂಗಳು ಬಾಯಿ ಬಿಡಲಿಲ್ಲ ನಾನು. ಮೊನ್ನೆ ಗೋಡೆಗೆ ಒರಗಿಸಿದ್ದ ಹಳೆಯ ಗಾಜುಗಳನ್ನು ಸರಿಸುವಾಗ ಸಾಹೇಬರ ಗಾಜಿಗಿಂತ ಮೊದಲು ಪರೀಕ್ಷೆಗೆಂದು ಬರೆದು ನೋಡಿದ ಗಾಜು ಅವನ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ‘ಕಳಸ ವಾಲಿದ್ದೂ ಬಿಟ್ಟಿಲ್ಲಲ್ರಿ ಧಣೇರ’ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಜನ್ನು ಇದ್ದಲ್ಲೇ ಇಟ್ಟು, ಕೈಯಲ್ಲಿದ್ದ ಅರಿವೆ ಮಡಚಿ ಅದರ ಮೇಲಿಟ್ಟು ಹೋದ. ಮತ್ತೆ ಬಂದಿಲ್ಲ. ಗಣಿಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ, ಹಿಂದೆ ಸರಿದ. ‘ನನ್ನ ಕಾಲು ಹಿಡದ್ರ ಊರಿಗಿ ಹ್ಯಾಂಗ ತಿಳೀತದ್ರಿ’ ಎಂದ.

ಅವನು ಹೇಳಿದ್ದು ಖರೆ. ಈ ಕಾಗದವನ್ನು ಚಾವಡಿಯಲ್ಲಿ, ಎಲ್ಲರ ಮುಂದೆ, ಒಂದಕ್ಷರ ಬಿಡದೆ ಓದು.

ಮಾಣಿಕ


ತಾಂಡೂರು
10 ಅಕ್ಟೋಬರ್ 1937

ಅಕ್ಕಾ,

ಎರಡೂವರೆ ತಿಂಗಳಾಯಿತು. ಟಪ್ಪಾಲಿನವರನ್ನು ದಿನಾ ಕೇಳುತ್ತೇನೆ. ಕಾಗದ ಮುಟ್ಟಲಿಲ್ಲವೇ? ಮುಟ್ಟಿಯೂ ನನ್ನ ಹೆಸರು ಹಿಡಿಯಲು ಮನಸ್ಸಿಲ್ಲವೇ?

ಸಾಹೇಬರ ಹತ್ತಿರ ಹೋಗಿ ಆ ಗಾಜನ್ನು ವಾಪಸು ಕೊಡಿ ಎಂದು ಬೇಡಿದೆ. ನಕ್ಕು ದಿವಾನಖಾನೆಗೆ ಕರೆದೊಯ್ದರು. ಈಗ ಅದರ ಎರಡೂ ಮಗ್ಗುಲಿಗೆ ಹುಲ್ಲು ತುಂಬಿದ ಎರಡು ಕೊಕ್ಕರೆ ನಿಲ್ಲಿಸಿದ್ದಾರೆ. ಅವುಗಳ ಗುಲಾಬಿ ಆಗಲೇ ಮಾಸಿದೆ. ನನ್ನದು ಹಾಗೇ ಹೊಳೆಯುತ್ತಿದೆ. ‘ಬಣ್ಣ ನಿನ್ನದೇ ಗಟ್ಟಿ’ ಎಂದರು ಸಾಹೇಬರು.

ಅಂಗಡಿಯಲ್ಲಿದ್ದ ಮೊದಲ ಗಾಜನ್ನು ಒಡೆದೆ. ಅದರಿಂದ ಆದದ್ದೇನು, ಕೈಗೆ ಗಾಯ. ಬಾಲಮಣಿ ಗಣಿಯಲ್ಲಿ ಕಲ್ಲು ಹೊರುತ್ತಾಳೆ. ದೀಪಾವಳಿಯೊಳಗೆ ನೀನು ಓದದಿದ್ದರೆ ನಾನೇ ಬಂದು ಚಾವಡಿಯಲ್ಲಿ ನಿಲ್ಲುತ್ತೇನೆ.

ಮಾಣಿಕ


ಊರಿಂದ
ಕಾರ್ತಿಕ ಶುದ್ಧ ಅಷ್ಟಮಿ

ಮಾಣಿಕಾ,

ಕಾಗದ ಶ್ರಾವಣದಲ್ಲೇ ಮುಟ್ಟಿತ್ತು. ಜೋಳದ ಗುಮ್ಮಿಯೊಳಗೆ ಹೂತಿಟ್ಟಿದ್ದೆ.

ಕೊಡಂಗಲ್ಲಿನವರು ಅಮೃತಬಾಯಿಯನ್ನು ಒಪ್ಪಿದ್ದರು. ಹುಡುಗಿಯ ಸೋದರಮಾವ ಊರಿಗೆ ಹೀಗೆ ಮಾಡಿದವನು ಎಂದು ತಿಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ. ಅದು ಒಂದು. ಗರಿ ಕಳಿಸಿದವಳು ನಾನು, ಎಡಬಲ ಬರೆದು ಕಳಿಸಿದವಳು ನಾನು, ನಿನ್ನ ಆ ಕಾಗದವನ್ನು ಪಂಚರ ಮುಂದೆ ಓದಿದವಳೂ ನಾನು. ಇದು ಇನ್ನೊಂದು. ಗುಮ್ಮಿಯಿಂದ ಜೋಳ ತೆಗೆಯುವಾಗ ಕೈಗೆ ಕಾಗದ ತಾಗುತ್ತಿತ್ತು. ಮತ್ತೆ ಒಳಗೆ ತಳ್ಳಿ, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲಿಕ್ಕೆ ಹಾಕುತ್ತಿದ್ದೆ. ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಮೊನ್ನೆ ಪಾಡ್ಯಕ್ಕೆ ಏರಿಯ ಮೇಲೆ ದೀಪ ಇಡಲು ಹೋಗಿದ್ದೆ. ಅಂಜಪ್ಪನ ಕೆಡವಿದ ಗೋಡೆಯ ಮಣ್ಣಿನಲ್ಲಿ ಬಾಲಮಣಿಯ ಬುಟ್ಟಿ ಅರ್ಧ ಹೂತಿತ್ತು. ಒಳಗೆ ಮೀನಿನ ಒಣ ಮುಳ್ಳುಗಳಿದ್ದವು. ದೀಪ ಇಡಲು ಕೈ ಬರಲಿಲ್ಲ. ಮಾರನೆಯ ಬೆಳಿಗ್ಗೆ ಸೆರಗು ಹೊದ್ದು ಚಾವಡಿಗೆ ಹೋಗಿ ಗಂಡಸರ ಮುಂದೆ ನಿಂತು ಓದಿದೆ. ನಿನ್ನದನ್ನು ಓದಿ, ಆಮೇಲೆ ನನ್ನದನ್ನು ಬಾಯಲ್ಲೇ ಹೇಳಿದೆ.

ಮಾವನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ಬಂಡಿ ಹೂಡ್ರಿ’ ಎಂದರು. ನಮ್ಮ ಬಂಡಿ ಹೊಡೆಯುವ ಧರ್ಮಣ್ಣ ಬಂಡಿಯನ್ನು ಜಹೀರಾಬಾದಿನಲ್ಲಿ ಬಿಟ್ಟು, ರೈಲು ಹತ್ತಿ ತಾಂಡೂರಿಗೆ ಹೋಗಿ ಅವರನ್ನು ಕರೆತಂದ. ಬಂಡಿ ಇಳಿದ ಬಾಲಮಣಿ ಮಾವನವರ ಎದುರಿಗೇ, ‘ಗ್ವಾಡಿ ನೀವೇ ಕೆಡವೀರಿ, ನೀವೇ ಕಟ್ರಿ’ ಎಂದಳು. ಪಟೇಲರೆದುರು ಆಕೆ ಹಾಗೆ ಮಾತಾಡಿದ್ದು ಇದೇ ಮೊದಲು. ಕಟ್ಟುತ್ತಿದ್ದಾರೆ. ಮಾವನವರೂ ಮಣ್ಣು ತುಳಿದರು.

ಕೊಡಂಗಲ್ಲಿನವರಿಗೂ ಹೇಳಿಕಳಿಸಿದ್ದೇವೆ, ಇನ್ನೂ ಮಾತು ಬಂದಿಲ್ಲ. ನಿನಗೆ ಊರು ಬಹಿಷ್ಕಾರ ಹಾಕಿಲ್ಲ. ಬಾ, ಉಣ್ಣು, ನಿನ್ನ ಮನೆ ಇದು.

ಅಕ್ಕ


ತಾಂಡೂರು
2 ಫೆಬ್ರವರಿ 1938

ಅಕ್ಕನಿಗೆ ಶರಣು.

ಬಾ ಎಂದೆ, ನನಗೆ ಇನ್ನೂ ಮುಖವಿಲ್ಲ. ಗಾಜಿನ ಕೆಲಸ ಬಿಟ್ಟಿಲ್ಲ, ಬಿಟ್ಟರೆ ಬೇರೇನೂ ಬರುವುದಿಲ್ಲ. ಆದರೆ ಈಗ ಹಕ್ಕಿಯ ಹಿಂದೆ ಬರೀ ಆಕಾಶ ಬರೆಯುತ್ತೇನೆ. ಗುಡ್ಡವಿಲ್ಲ, ಮರವಿಲ್ಲ. ಕೊಳ್ಳುವವರು ಎಲ್ಲಿಯದೆಂದು ಕೇಳಿದರೆ ನನಗೂ ಗೊತ್ತಿಲ್ಲ ಎನ್ನುತ್ತೇನೆ.

ಒಂದೇ ಒಂದು ಕೇಳುತ್ತೇನೆ, ಇಲ್ಲವೆನ್ನಬೇಡ. ಅವು ಬರುವ ಕಾಲ ಇದು. ಈ ವರ್ಷ ಕೊಕ್ಕರೆ ಬಂದವೇ? ಎಷ್ಟಾದರೂ ಇರಲಿ, ಎರಡೇ ಇರಲಿ. ಬಂದವು ಎಂದು ಒಂದು ಸಾಲು ಬರೆದರೆ ನಾನು ನಿದ್ದೆ ಮಾಡುತ್ತೇನೆ.

ಮಾಣಿಕ


ಊರಿಂದ
ಮಾಘ ಶುದ್ಧ ತ್ರಯೋದಶಿ

ಚಿರಂಜೀವಿ ಮಾಣಿಕನಿಗೆ ಅಕ್ಕನ ಆಶೀರ್ವಾದ.

ಕೊಡಂಗಲ್ಲಿನವರು ಒಪ್ಪಿದ್ದಾರೆ. ‘ತಪ್ಪು ಮುಚ್ಚಿಟ್ಟು ಹೆಣ್ಣು ಕೊಡುವವರಿಗಿಂತ ಹೇಳಿ ಕೊಡುವವರು ವಾಸಿ’ ಎಂದರಂತೆ. ವೈಶಾಖದಲ್ಲಿ ಮದುವೆಯ ಅಕ್ಕಿಕಾಳು. ಸೋದರಮಾವ ಇಲ್ಲದೆ ಆಗುವುದಿಲ್ಲ, ಮುಖ ಇರಲಿ ಬಿಡಲಿ ಬರಲೇಬೇಕು. ಆ ಶಾಲು ಮಾತ್ರ ತರಬೇಡ.

ಅಂಜಪ್ಪನ ಗೋಡೆ ಎದ್ದಿದೆ. ಗಣಿಯ ಪುಡಿಗೆ ಅವನಿಗೆ ಕೆಮ್ಮು ಹತ್ತಿತ್ತು, ಈಗ ಕಡಿಮೆ. ತೂಬಿನ ಕೋಲು ಅವನ ಕೈಯಲ್ಲಿದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲ ಕಾಗದ ಹರಿದೆ. ಕಡೆಗೆ, ಹೇಳುವ ಹಕ್ಕು ನನಗಿಲ್ಲ ಎನಿಸಿ ನಿನ್ನ ಕಾಗದ ಹಿಡಿದುಕೊಂಡು ಏರಿಯ ಮೇಲೆ ಹೋದೆ. ಅಂಜಪ್ಪ ಕೂತಿದ್ದ. ಓದಿ ಹೇಳಿದೆ. ‘ನಿದ್ದೆ ಬರವೊಲ್ಲದಂತ ಬರದಾನಪ್ಪ. ಏನಂತ ಬರೀಲಿ?’ ಎಂದೆ.

ಅವನು ಹುಣಸೆಮರಗಳ ಕಡೆ ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ನಿನ್ನ ಕಾಗದ ನೋಡಿದ. ಅವನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಮಾಣಿಕಾ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಹಾದಿಯಲ್ಲಿ ಹೋಗುವವರಿಗೆ ಮಾತಾಡುವ ಹಾಗೆ, ರುಮಾಲು ಸರಿ ಮಾಡಿಕೊಂಡು, ಮೆತ್ತಗೆ, ಮರ್ಯಾದೆಯಿಂದ ಹೇಳಿದ. ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ:

‘ನಮ್ಮ ಊರಾಗ ಎಲ್ಲಿ ಬರ್ತಾವ್ರಿ ಧಣೇರ? ಆಚಿ ಊರಾಗ ಕೇಳ್ರಿ.’

ಅಕ್ಕ